ಕಿರುಬೆರಳು

ಹಾಜರಿ ಪುಸ್ತಕದಲ್ಲಿ ಹಾಲಮ್ಮನ ಹೆಸರಿಗೆ ಬಂದಾಗ ಗಂಗಾಧರಯ್ಯನ ಕೈ ನಿಂತಿತು. ಹೆಸರು ಕೂಗಿದ್ದ, ಉತ್ತರ ಬಂದಿರಲಿಲ್ಲ. ಎರಡನೆಯ ಸಲ ಕೂಗುವ ಅಗತ್ಯವೇ ಇರಲಿಲ್ಲ. ಹೆಣ್ಣುಮಕ್ಕಳು ಕೂರುವ ಚಾಪೆಯ ಮೇಲೆ ಮೂವರು ಇರಬೇಕಾದ ಕಡೆ ಇಬ್ಬರೇ ಇದ್ದರು. ಆದರೂ ಕೂಗಿದ. ಹುಡುಗರ ಸಾಲಿನಲ್ಲಿ ಹಿಂದೆಲ್ಲೋ ಒಬ್ಬ ಮೂಗಿನಲ್ಲೇ ನಕ್ಕ. ಪಕ್ಕದವನು ಮೊಣಕೈಯಿಂದ ತಿವಿದ. ಮರುಕ್ಷಣ ನಲವತ್ತು ಮಕ್ಕಳೂ ನೆಲ ನೋಡುತ್ತ ಉಸಿರು ಹಿಡಿದವು. ಹೀಗೆ ಉಸಿರು ಹಿಡಿಯುವುದು ಅವನಿಗೆ ಹದಿನೇಳು ವರ್ಷಗಳಿಂದ ಗೊತ್ತಿದ್ದದ್ದೇ. ಮೇಷ್ಟರ ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಮೌನ ಕೇಳಿಸಿದರೆ ಹಿತವಾಗುತ್ತಿತ್ತು, ತಾನೊಬ್ಬ ಮನುಷ್ಯ ಇಲ್ಲಿದ್ದೇನೆ ಎನ್ನುವುದು ಖಾತ್ರಿಯಾಗುತ್ತಿತ್ತು. ಇವತ್ತು ಅದು ಹಾಗೆ ಕೇಳಿಸಲಿಲ್ಲ. ನಲವತ್ತು ಮಕ್ಕಳು ಒಂದೇ ಸಲ ಉಸಿರು ಹಿಡಿಯಬೇಕಾದರೆ ಅವು ತನ್ನನ್ನು ಏನೆಂದು ತಿಳಿದಿರಬೇಕು ಎಂದುಕೊಂಡ. ಆಮೇಲೆ ಹಾಗೆ ಅಂದುಕೊಂಡದ್ದಕ್ಕೇ ಸಿಟ್ಟು ಬಂದು, ಲೇಖನಿಯನ್ನು ಮಸಿಯಲ್ಲಿ ಅದ್ದಿ ಗೈರುಹಾಜರಿಯ ಗುರುತು ಎಳೆದ. ಗೆರೆ ದಪ್ಪಗಾಗಿ ಕೆಳಗಿನ ಹೆಸರಿನ ಮೇಲೂ ಹರಿಯಿತು.

ಮಗ್ಗಿ ಹೇಳಲು ಹೇಳಿ ಕುರ್ಚಿಯಲ್ಲಿ ಕೂತ. ಮಕ್ಕಳು ಹದಿಮೂರರ ಮಗ್ಗಿಯನ್ನು ಕೂಗತೊಡಗಿದವು. ಅವನ ಕಣ್ಣು ಮಾತ್ರ ಚಾಪೆಯ ಮುಂದಿನ ನೆಲದ ಮೇಲೇ ನಿಂತಿತ್ತು. ಅಲ್ಲಿ ಸಗಣಿ ಸಾರಿಸಿದ ನೆಲ ಒಂದು ಮೊರದಗಲ ಬೇರೆ ಬಣ್ಣಕ್ಕೆ ತಿರುಗಿ ಒಣಗಿತ್ತು. ನಿನ್ನೆ ಇನ್‌ಸ್ಪೆಕ್ಟರು ಬಂದಿದ್ದರು. ಹನ್ನೊಂದು ಗಂಟೆಗೆ ಬರುತ್ತೇವೆಂದು ಕಾಗದ ಬರೆದಿದ್ದವರು ಅಜ್ಜಂಪುರದ ಸ್ಟೇಷನ್ನಿನಲ್ಲಿ ರೈಲಿಳಿದು, ಯಾರ ಮನೆಯಲ್ಲೋ ಊಟ ಮುಗಿಸಿ, ಕಮಾನು ಗಾಡಿಯಲ್ಲಿ ಎರಡು ಹರದಾರಿ ಕುಲುಕುತ್ತ ಬಂದು ತಲುಪಿದಾಗ ಮೂರು ಹೊಡೆದಿತ್ತು. ಅಲ್ಲಿಯತನಕ ಗಂಗಾಧರಯ್ಯ ಒಂದು ಮಗುವನ್ನೂ ಹೊರಗೆ ಬಿಟ್ಟಿರಲಿಲ್ಲ, ಮಧ್ಯಾಹ್ನದ ಊಟಕ್ಕೆ ಮನೆಗೂ ಕಳಿಸಿರಲಿಲ್ಲ. ಬಿಟ್ಟರೆ ಅವು ಹಿಂದಕ್ಕೆ ಬರುವುದಿಲ್ಲ, ಬಂದರೂ ಮೈಯೆಲ್ಲ ಧೂಳು ಮಾಡಿಕೊಂಡು ಬರುತ್ತವೆ, ಅಷ್ಟರಲ್ಲೇ ಗಾಡಿ ಬಂದುಬಿಟ್ಟರೆ? ಇನ್‌ಸ್ಪೆಕ್ಟರು ವಯಸ್ಸಿನಲ್ಲಿ ಅವನಿಗಿಂತ ಹದಿನೈದು ವರ್ಷ ಚಿಕ್ಕವರು. ಮದರಾಸಿನಲ್ಲಿ ಟ್ರೈನಿಂಗ್ ಮುಗಿಸಿ ಬಂದವರು, ಕ್ರಾಪು ಬಿಟ್ಟವರು, ನಗುಮುಖದವರು. ಮಕ್ಕಳಿಗೆ ಕಲಿಸುವ ಹೊಸ ಕ್ರಮದ ಬಗ್ಗೆ ಇಲಾಖೆ ಕಳಿಸಿದ್ದ ಸರ್ಕ್ಯುಲರನ್ನು ಗೋಡೆಗೆ ಅಂಟಿಸಿದ್ದು ನೋಡಿ ಸಂತೋಷಪಟ್ಟರು. ಚಿಕ್ಕ ತರಗತಿಯ ಮಕ್ಕಳಿಗೆ ಹೊಡೆಯಕೂಡದು, ಮರಳಿನಲ್ಲಿ ತಿದ್ದಿಸಬೇಕು, ಹುಣಸೆ ಬೀಜ ಎಣಿಸಿ ಲೆಕ್ಕ ಕಲಿಸಬೇಕು, ಹಾಡು ಕತೆ ಹೇಳಬೇಕು, ಮಗು ನಗುತ್ತ ಸ್ಕೂಲಿಗೆ ಬರುವಂತಾಗಬೇಕು ಎಂದೆಲ್ಲ ಅದರಲ್ಲಿತ್ತು. ಗಂಗಾಧರಯ್ಯ ಎರಡು ಸಲ ಓದಿ, ಗೋಂದು ಹಚ್ಚಿ ಅಂಟಿಸಿ, ಮರೆತಿದ್ದ. ಮರಳಿನ ತಟ್ಟೆಯನ್ನು ತರಿಸಿಟ್ಟದ್ದು ಮೊನ್ನೆ.

ಇನ್‌ಸ್ಪೆಕ್ಟರು ಕುರ್ಚಿಯಲ್ಲಿ ಕೂತು ಮಕ್ಕಳಿಗೆ ತಾವೇ ಒಂದು ಕತೆ ಹೇಳತೊಡಗಿದರು. ಕಾಗೆಯದೋ ಗುಬ್ಬಿಯದೋ. ಆಗ ಹಾಲಮ್ಮ ಕಿರುಬೆರಳು ಎತ್ತಿದಳು. ಏಳು ವರ್ಷದ ಹುಡುಗಿ, ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದುಕೊಂಡು ಬಂದಿದ್ದಳು, ಇನ್‌ಸ್ಪೆಕ್ಟರು ಬರುತ್ತಾರೆಂದು. ಗಂಗಾಧರಯ್ಯ ನೋಡಿದ. ನೋಡಿ, ಕಿಟಕಿಯ ಕಡೆ ತಿರುಗಿದ. ಸ್ವಲ್ಪ ಹೊತ್ತಿಗೆ ಮತ್ತೆ ಎತ್ತಿದಳು, ಈ ಸಲ ಮೊಣಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು. ಮತ್ತೆ ನೋಡಿದ. ಕಣ್ಣಿನಲ್ಲೇ ಗದರಿಸಿದ. ಸಾಹೇಬರು ಕತೆ ಹೇಳುವಾಗ ಮಧ್ಯೆ ಎದ್ದುಹೋಗುವ ಸ್ಕೂಲು ಎಂದು ಹೆಸರಾಗಬಾರದು, ಇಷ್ಟೇ ಅವನ ಮನಸ್ಸಿನಲ್ಲಿದ್ದದ್ದು. ಮೂರನೆಯ ಸಲ ಅವಳು ಬೆರಳೆತ್ತಿದಾಗ ಅವಳ ಕೆಳದುಟಿ ನಡುಗುತ್ತಿತ್ತು. ಇದನ್ನೂ ಅವನು ನೋಡಿದ್ದ. ಗುಬ್ಬಿಯ ಮನೆಯ ಬಾಗಿಲು ತಟ್ಟಿದಂತೆ ಸಾಹೇಬರು ಮೇಜು ತಟ್ಟಿ, ಮಕ್ಕಳು ನಗಬೇಕಾದ ಕಡೆ ಯಾವ ಮಗುವೂ ನಗದೆ ಇದ್ದಾಗ, ಚಾಪೆಯಿಂದ ಒಂದು ಸಣ್ಣ ಹರಿವು ಹೊರಟು ಸಾಹೇಬರ ಬೂಟಿನ ಕಡೆಗೇ ಬಂತು.

ಆಗಲಾದರೂ ಸುಮ್ಮನಿರಬಹುದಿತ್ತು. ಆದರೆ ಬೂಟು ಹಿಂದಕ್ಕೆ ಸರಿದದ್ದು ಕಂಡೊಡನೆ ಗಂಗಾಧರಯ್ಯನ ಬಾಯಿಂದ ಮಾತು ತಾನಾಗಿ ಹೊರಟಿತ್ತು: "ಬಾಯಿಲ್ವೇನೇ ನಿಂಗೆ? ಹೋಗಬೇಕು ಅಂತ ಕೇಳೋಕಾಗ್ತಿರಲಿಲ್ವಾ?" ಹುಡುಗಿ ಅವನ ಮುಖ ನೋಡಿದಳು. ಅಳಲಿಲ್ಲ. ತಪ್ಪಿಲ್ಲವೆಂದು ಹೇಳಲೂ ಇಲ್ಲ. ಸುಮ್ಮನೆ ನೋಡಿದಳು, ತನಗೆ ತಿಳಿಯದ ಯಾವುದೋ ಲೆಕ್ಕ ಹಲಗೆಯ ಮೇಲೆ ಬರೆದಿದ್ದರೆ ನೋಡುವಂತೆ. ಮರಳು ತಂದು ಹಾಕೆಂದು ಅವನೇ ಹೇಳಿದ ಮೇಲೆ ಅವಳು ಎದ್ದು, ಒದ್ದೆಯಾದ ಲಂಗದಲ್ಲಿ ಎಲ್ಲರ ಎದುರು ನಡೆದು, ಹೊಸ ತಟ್ಟೆಯಿಂದ ಬೊಗಸೆಯಲ್ಲಿ ಮರಳು ತಂದು ನೆಲದ ಮೇಲೆ ಸುರಿದಳು. ನಾಲ್ಕು ಸಲ ಹೋಗಿ ಬಂದಳು. ಆಗ ಮಕ್ಕಳು ನಕ್ಕವು. ಸಾಹೇಬರೂ, "ಪರವಾಗಿಲ್ಲ, ಪರವಾಗಿಲ್ಲ," ಎಂದು ನಕ್ಕರು. ಹೊರಡುವಾಗ ವಿಸಿಟ್ ಬುಕ್ಕಿನಲ್ಲಿ ಬರೆದರು: 'ಶಿಸ್ತು ಮೆಚ್ಚತಕ್ಕದ್ದಾಗಿದೆ. ನೆಲದ ಶುಚಿತ್ವದ ಕಡೆ ಗಮನ ಕೊಡುವುದು.'

ಹದಿಮೂರು ಎಂಟಲ ಎಷ್ಟು ಎನ್ನುವಲ್ಲಿ ಮಗ್ಗಿ ತಪ್ಪಿತು. ಅವನು ತಿದ್ದಲಿಲ್ಲ. ಮಕ್ಕಳು ಅರೆಕ್ಷಣ ಕಾದು, ತಪ್ಪನ್ನೇ ಮುಂದುವರಿಸಿದವು.

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಜಾನಕಮ್ಮ ಸಾರು ಬಡಿಸುತ್ತ, "ಶಾನುಭೋಗರ ಮನೇವ್ರು ಹೇಳಿದ್ರು. ಪಾಪ, ಆ ಮಗು ಕೇಳಬಾರದಾಗಿತ್ತೇ?" ಎಂದಳು. ಅವನು ಅನ್ನ ಕಲಸುತ್ತಲೇ ಇದ್ದ. "ನಿಮ್ಮನ್ನ ಕಂಡ್ರೆ ಅವಕ್ಕೆ ನಾಲಗೆ ಏಳಲ್ಲ ಅಂತ ಕಾಣತ್ತೆ," ಎಂದು ತನಗೇ ಹೇಳಿಕೊಂಡಂತೆ ಹೇಳಿ ಅವಳು ಒಳಗೆ ಹೋದಳು. ಅವಳು ಕೇಳಿದ್ದಳು ಕಣೇ, ಮೂರು ಸಲ ಕೇಳಿದ್ದಳು, ಎನ್ನುವ ಮಾತು ಅವನ ಗಂಟಲಿನವರೆಗೆ ಬಂದು ಅನ್ನದ ಜೊತೆ ಕೆಳಗಿಳಿಯಿತು. ಉಳಿದವರ ಕಣ್ಣೆಲ್ಲ ಸಾಹೇಬರ ಮೇಲಿತ್ತು; ಲೋಕದಲ್ಲಿ ಈ ವಿಷಯ ಗೊತ್ತಿರುವವರು ಇಬ್ಬರೇ, ತಾನು ಮತ್ತು ಏಳು ವರ್ಷದ ಆ ಹುಡುಗಿ. ಆ ಹುಡುಗಿ ಹೇಳಿದರೆ ನಂಬುವವರಿಲ್ಲ. ತಾನು ಹೇಳದಿದ್ದರೆ ಕೇಳುವವರಿಲ್ಲ. ಇಷ್ಟು ಭದ್ರವಾಗಿರುವುದೇ ಅವನಿಗೆ ಸಹಿಸದಾಯಿತು. ಎಲೆಯ ಮುಂದಿನಿಂದ ಮಜ್ಜಿಗೆಗೂ ಕಾಯದೆ ಎದ್ದ. ಕೈ ತೊಳೆದು ರುಮಾಲು ಸುತ್ತಿಕೊಂಡು, ಛತ್ರಿ ಹಿಡಿದು, ಮಧ್ಯಾಹ್ನದ ಪಾಠವನ್ನು ದೊಡ್ಡ ತರಗತಿಯ ಹುಡುಗನೊಬ್ಬನಿಗೆ ಒಪ್ಪಿಸಿ ಹೊಲದ ದಾರಿ ಹಿಡಿದ.

ಚಿಕ್ಕಬೀರಪ್ಪನ ಮನೆ ಊರಿನಿಂದ ಆಚೆ, ಅವನದೇ ತೆಂಗಿನ ತೋಟದ ಅಂಚಿನಲ್ಲಿತ್ತು. ದಾರಿಯ ಎರಡೂ ಕಡೆ ರಾಗಿಯ ಕೂಳೆ. ನೆರಳೆಂದರೆ ಛತ್ರಿಯದೇ. ಹೋದ ವರ್ಷ ಇದೇ ದಾರಿಯಲ್ಲಿ ತಾನೇ ಹೋಗಿ, ನಿಮ್ಮ ಹುಡುಗಿಯನ್ನು ಸ್ಕೂಲಿಗೆ ಕಳಿಸಿ ಎಂದು ಕೇಳಿದ್ದ. ಹೆಣ್ಣುಮಕ್ಕಳ ಸಂಖ್ಯೆ ತೋರಿಸಬೇಕಿತ್ತು. ಚಿಕ್ಕಬೀರಪ್ಪ ತಲೆ ಕೆರೆದುಕೊಂಡಿದ್ದ. ಒಪ್ಪಿದ್ದು ಅವನ ಹೆಂಡತಿ ಕರಿಯಮ್ಮ. ಅವಳ ತಮ್ಮ ಕೋಲಾರದ ಗಣಿಯಲ್ಲಿದ್ದ. ಆರು ತಿಂಗಳಿಗೊಮ್ಮೆ ಕಾಗದ ಬರೆಸುತ್ತಿದ್ದ. "ತವರಿನ ಕಾಗ್ದ ಕಂಡೋರ ಬಾಯಲ್ಲಿ ಕೇಳ್ಬೇಕು ಸ್ವಾಮಿ. ಓದೋರು ಮಧ್ಯೆ ಮಧ್ಯೆ ನಗ್ತಾರೆ. ನನ್ ಮಗ್ಳು ಓದ್ಲಿ," ಎಂದಿದ್ದಳು. ಆಗ ತನಗೆ ಎಷ್ಟು ಹೆಮ್ಮೆಯಾಗಿತ್ತು! ಯುದ್ಧದ ದೆಸೆಯಿಂದ ಪೇಟೆಯಲ್ಲಿ ಬಳಪ ಸಿಗದಿದ್ದಾಗ ತನ್ನದನ್ನೇ ಮುರಿದು ಅರ್ಧ ಆ ಹುಡುಗಿಗೆ ಕೊಟ್ಟಿದ್ದ. ಹಾಗಿದ್ದರೆ ತಾನು ಕೆಟ್ಟವನಲ್ಲವಲ್ಲ ಎಂದು ಒಳಗಿನಿಂದ ಯಾರೋ ವಾದ ಹೂಡಿದಂತಾಯಿತು. ಅರ್ಧ ಬಳಪ ಕೊಟ್ಟವನೂ ತಾನೇ, ಕಿಟಕಿ ಕಡೆ ತಿರುಗಿದವನೂ ತಾನೇ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ಹೋದರೆ ಕೈಗೆ ಯಾವುದೂ ದಕ್ಕುತ್ತಿರಲಿಲ್ಲ.

ಅವನು ಚಿಕ್ಕಂದಿನಲ್ಲಿ ಓದಿದ್ದ ತರೀಕೆರೆಯ ಕೂಲಿಮಠದಲ್ಲಿ ಜಂತಿಗೆ ಹಗ್ಗ ಕಟ್ಟಿರುತ್ತಿತ್ತು. ಅದಕ್ಕೆ ಕೋದಂಡ ಎಂದು ಹೆಸರು. ತಪ್ಪು ಮಾಡಿದ ಹುಡುಗ ಎರಡು ಕೈಯಲ್ಲಿ ಹಗ್ಗ ಹಿಡಿದು ಜೋತುಬೀಳಬೇಕು. ಪಾಠ ಹೇಳುವ ಐಗಳು ಕೆಳಗಿನ ಹಲಗೆ ಎಳೆದುಕೊಳ್ಳುತ್ತಿದ್ದರು. ಎಂಟು ವರ್ಷದ ಗಂಗಾಧರ ಯಾವ ತಪ್ಪಿಗೆ ಜೋತುಬಿದ್ದಿದ್ದ ಎನ್ನುವುದು ಈಗ ನೆನಪಿಲ್ಲ. ನೆನಪಿರುವುದು ಅಂಗೈಯ ಉರಿ, ತೋಳು ಕಿತ್ತುಬರುವಂಥ ನೋವು, ಆಮೇಲೆ ತೊಡೆಯ ಮೇಲೆ ಬೆಚ್ಚಗೆ ಇಳಿದದ್ದು. ಕೆಳಗೆ ಇಬ್ಬರು ತಿದ್ದುತ್ತಿದ್ದ ಮರಳಿನ ಮೇಲೆ ಹನಿಗಳು ಬಿದ್ದು, ಬರೆದ ಅಕ್ಷರ ಅಳಿಸಿಹೋಗಿತ್ತು. ಐಗಳು ಏನೂ ಅನ್ನಲಿಲ್ಲ. ಮೂಗು ಮುಚ್ಚಿಕೊಂಡರು, ಅಷ್ಟೆ. ಮನೆಗೆ ಹೋಗುವಾಗ ಅವನು ದಾರಿ ತಪ್ಪಿಸಿ ಕೆರೆಗೆ ಹೋಗಿ, ಎದೆಯ ಮಟ್ಟ ನೀರಿಗಿಳಿದು ನಿಂತಿದ್ದ, ಪಂಚೆಯೆಲ್ಲ ಒಂದೇ ಸಮ ನೆನೆಯಲಿ ಎಂದು. ಕೆರೆಗಿಳಿದೆಯಲ್ಲೋ ಎಂದು ಅಮ್ಮ ಬಾರಿಸಿದಳು. ಹೊಡೆಸಿಕೊಂಡು ಎಷ್ಟು ನಿರಾಳವಾಗಿತ್ತು. ಆ ಏಟು ತಾನೇ ಆರಿಸಿಕೊಂಡ ತಪ್ಪಿಗೆ ಬಿದ್ದದ್ದು, ಆದ್ದರಿಂದ ಅದು ನೋಯಿಸಲಿಲ್ಲ. ಈಗ ಛತ್ರಿಯ ಕೆಳಗೆ ನಡೆಯುತ್ತ ಏನೋ ಹೊಳೆದು ಅವನು ನಿಂತುಬಿಟ್ಟ. ಹಾಲಮ್ಮನ ದಾರಿಯಲ್ಲಿ ಕೆರೆ ಇಲ್ಲ. ಅವಳು ನಿನ್ನೆ ಈ ಬಯಲಿನಲ್ಲೇ ಹಾಗೆಯೇ ನಡೆದು ಹೋಗಿರಬೇಕು.

ಚಿಕ್ಕಬೀರಪ್ಪ ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದ. ಮೇಷ್ಟರನ್ನು ಕಂಡವನೇ ಗಡಬಡಿಸಿ ಎದ್ದು, ಹೆಗಲ ಮೇಲಿನ ವಸ್ತ್ರ ತೆಗೆದು ಜಗಲಿ ಒರೆಸಿದ. "ಬನ್ನಿ ಸ್ವಾಮಿ, ಕುಂತ್ಕಳಿ. ಹೇಳಿ ಕಳಿಸಿದ್ರೆ ನಾನೇ ಬತ್ತಿದ್ನಲ್ಲ." ಗಂಗಾಧರಯ್ಯ ಬಾಯಿ ತೆರೆಯುವ ಮೊದಲೇ ಅವನು ಕೈ ಮುಗಿದ. "ನಮ್ ಹುಡ್ಗಿ ಸಾಯೇಬ್ರ ಮುಂದೆ ನಿಮ್ ಮಾನ ಕಳೀತಂತೆ. ನಂಗೆ ತಲೆ ಎತ್ತೋಕಾಗ್ತಿಲ್ಲ ಸ್ವಾಮಿ. ರಾತ್ರಿನೇ ಎರಡು ಬಿಗ್ದಿದೀನಿ. ನೀವೂ ಬಿಗೀರಿ, ಬೇಡ ಅನ್ನಾಕಿಲ್ಲ. ಲೇ ಹಾಲೀ, ಬಾರೇ ಇಲ್ಲಿ!"

ಒಳಗೆ ಕತ್ತಲಲ್ಲಿ ರಾಗಿ ತುಂಬಿದ ಗುಡಾಣವೊಂದಿತ್ತು. ಅದರ ಹಿಂದೆ ಎರಡು ಪುಟ್ಟ ಪಾದಗಳಷ್ಟೇ ಕಂಡವು. ತಂದೆಯ ಕೂಗಿಗೆ ಅವುಗಳ ಬೆರಳು ಮುದುರಿಕೊಂಡವು. ಚಿಕ್ಕಬೀರಪ್ಪ ಒಳಗೆ ಹೋಗಿ ರಟ್ಟೆ ಹಿಡಿದು ಎಳೆದು ತಂದ. "ಬೀಳು ಮೇಷ್ಟ್ರ ಕಾಲಿಗೆ. ತಪ್ಪಾಯ್ತು ಅನ್ನು." ಹುಡುಗಿ ಬಿದ್ದಳು. ಯಾವ ಪ್ರತಿಭಟನೆಯೂ ಇಲ್ಲದೆ, ಗೋಣಿಚೀಲ ಇಳಿಸಿದಂತೆ ಬಿದ್ದಳು. ನೆಲಕ್ಕೆ ಮುಖ ಇಟ್ಟುಕೊಂಡೇ, "ತಪ್ಪಾಯ್ತು," ಎಂದಳು. ಗಂಗಾಧರಯ್ಯ ಹಿಂದಕ್ಕೆ ಸರಿಯಲು ಹೋಗಿ ಜಗಲಿಯ ಅಂಚಿಗೆ ಕಾಲು ತಗುಲಿ ಮುಗ್ಗರಿಸಿದ. ಛತ್ರಿ ಬಿತ್ತು.

"ಅವಳು ಕೇಳಿದ್ದಳು," ಎಂದ.

ಚಿಕ್ಕಬೀರಪ್ಪನಿಗೆ ಅರ್ಥವಾಗಲಿಲ್ಲ. "ಏನ್ ಕೇಳಿದ್ಲು ಸ್ವಾಮಿ?"

"ಹೊರಗೆ ಹೋಗಬೇಕು ಅಂತ. ಬೆರಳೆತ್ತಿ ಕೇಳಿದ್ದಳು. ನಾನೇ ಬಿಡಲಿಲ್ಲ."

"ಇರ್ಲಿ ಬುಡಿ. ಸಾಯೇಬ್ರು ಬಂದಿದ್ರು. ಆಗ ಬುಡೋಕಾಯ್ತದಾ? ಮಗೀಗೆ ಗ್ಯಾನ ಬ್ಯಾಡ್ವಾ? ನೀವ್ಯಾಕೆ ಅದ್ನ ಮನಸ್ಸಿಗ್ ಹಚ್ಕಂತೀರಿ?" ಎಂದು ಅವನು ನಗಲು ಯತ್ನಿಸಿದ. ತಾನು ಇಷ್ಟು ದೂರ ಹೊತ್ತು ತಂದದ್ದನ್ನು ಇಳಿಸಿದರೆ, ಅದು ಕೆಳಗೆ ಬೀಳುವ ಮೊದಲೇ ಈ ಮನುಷ್ಯ ಎತ್ತಿ ವಿನಯದಿಂದ ಮತ್ತೆ ತನ್ನ ತಲೆಯ ಮೇಲೇ ಇಡುತ್ತಿದ್ದಾನೆ ಎನ್ನಿಸಿತು ಗಂಗಾಧರಯ್ಯನಿಗೆ. ಒಂದು ಗಳಿಗೆ, ಇಷ್ಟಕ್ಕೇ ಹೊರಟುಬಿಡುವ ಆಸೆಯಾಯಿತು. ಹೇಳಿದ್ದಾಯಿತು, ಅವರು ಇರಲಿ ಎಂದದ್ದೂ ಆಯಿತು.

ಬಾಗಿಲಲ್ಲಿ ನಿಂತಿದ್ದ ಕರಿಯಮ್ಮ ಬಂದು ಮಗಳನ್ನು ಎಬ್ಬಿಸಿ ಸೆರಗಿನಲ್ಲಿ ಮುಖ ಒರೆಸಿದಳು. ಒರೆಸುತ್ತಲೇ ಕೇಳಿದಳು: "ಎಷ್ಟು ಸಲ ಎತ್ತಿದ್ಲು ಸ್ವಾಮಿ?"

"ಮೂರು ಸಲ."

"ಮೂರ್ ಸಲಾನೂ ನೀವು ನೋಡಿದ್ರಾ?"

"ನೋಡಿದೆ."

"ಲೇ, ಸುಮ್ಕಿರು, ಮೇಷ್ಟ್ರನ್ನ ಹಂಗೆಲ್ಲ ಕೇಳ್ಬಾರ್ದು," ಎಂದು ಗಂಡ ಗದರಿದ. ಕರಿಯಮ್ಮ ಅವನ ಕಡೆ ತಿರುಗಲಿಲ್ಲ. ಧ್ವನಿ ಏರಿಸಲೂ ಇಲ್ಲ. "ಇವ್ಳು ಸ್ಕೂಲಿಗ್ ಹೋಗೋ ದಿಸ ಹೊತ್ತಾರೆಯಿಂದ ನೀರೇ ಕುಡಿಯಾಕಿಲ್ಲ, ಗೊತ್ತಾ ಸ್ವಾಮಿ? ನಾನೂ ಬೈದು ನೋಡ್ದೆ. ಅಲ್ಲಿ ಬುಡಾಕಿಲ್ಲ ಕಣವ್ವ ಅಂತಾಳೆ. ಬುಟ್ರೂ ಎಲ್ಲಿಗೆ ಹೋಗ್ಬೇಕು ಹೆಣ್ ಹುಡ್ಗಿ? ಸುತ್ತ ಬಯಲು, ಗಂಡ್ ಹುಡುಗ್ರು ಎಲ್ಲೆಲ್ಲೂ ನಿಂತಿರ್ತಾವೆ. ಶಾನುಭೋಗರ ಮಗ್ಳೂ ಹಂಗೇ ಮಾಡ್ತಾಳಂತೆ. ನಿನ್ನೆ ಬಿಸ್ಲು ಜಾಸ್ತಿ ಐತೆ ಅಂತ ನಾನೇ ಬಲವಂತ ಮಾಡಿ ಒಂದು ಚೆಂಬು ಮಜ್ಗೆ ಕುಡ್ಸಿ ಕಳಿಸ್ದೆ." ಇಲ್ಲಿಗೆ ಅವಳ ಧ್ವನಿ ಒಡೆಯಿತು. "ನಾನೇ ಕುಡ್ಸಿದ್ದು."

ಅವಳು ತಪ್ಪನ್ನು ತನ್ನ ಮೇಲೆ ಎಳೆದುಕೊಳ್ಳುತ್ತಿದ್ದಳು. ಈ ಮನೆಯಲ್ಲಿ ಎಲ್ಲರೂ ಒಂದೊಂದು ಪಾಲು ತಪ್ಪು ಹೊತ್ತುಕೊಂಡಿದ್ದರು, ಗಂಡ, ಹೆಂಡತಿ, ಆ ಮಗು. ಮಧ್ಯಾಹ್ನದ ಪಾಠದಲ್ಲಿ ಹೆಣ್ಣುಮಕ್ಕಳು ಮಂಕಾಗಿ ಕೂರುವುದನ್ನು ಅವನು ಎಷ್ಟೋ ಸಲ ಕಂಡಿದ್ದ. ಅವಕ್ಕೆ ಬುದ್ಧಿ ಚುರುಕಿಲ್ಲ ಎಂದು ಹೋದ ವರ್ಷದ ವರದಿಯಲ್ಲಿ ಬರೆದೂ ಇದ್ದ. ಬಾಯಾರಿಕೆ ಎಂದು ಅವನಿಗೆ ಹೊಳೆದಿರಲಿಲ್ಲ. ಕಚೇರಿಯ ಕುರ್ಚಿಯಲ್ಲಿ ಕೂತು ಅಂಥ ವರದಿಗಳನ್ನು ಓದುವ ದೊಡ್ಡವರಿಗೂ ಹೊಳೆದಿರಲಾರದು. ಸರ್ಕ್ಯುಲರಿನಲ್ಲಿ ಹಾಡಿತ್ತು, ಕತೆಯಿತ್ತು, ಹುಣಸೆ ಬೀಜವಿತ್ತು. ಇದಿರಲಿಲ್ಲ.

"ನಾಳೆ ಕಳಿಸಮ್ಮ," ಎಂದ. ತನ್ನ ಧ್ವನಿ ತನಗೇ ಬೇಡುವವನ ಧ್ವನಿಯಂತೆ ಕೇಳಿಸಿತು. "ಇನ್ನು ಮೇಲೆ ಹಾಗಾಗೋದಿಲ್ಲ."

"ನಮ್ ಮನೆ ಜಗ್ಲಿ ಮ್ಯಾಲೆ ಹೇಳಿದ್ರೆ ಏನಾಯ್ತದೆ ಸ್ವಾಮಿ? ನಗಾಡಿದ್ದು ಅಲ್ಲಿರೋರು. ಅಲ್ಲೇ ಹೇಳಿ."

ಗಂಡ ತಲೆ ಚಚ್ಚಿಕೊಂಡ. ಮೇಷ್ಟರು ಏನೂ ಕುಡಿಯದೆ ಹೋಗಬಾರದೆಂದು ಓಡಿಹೋಗಿ ಎಳನೀರು ಕೆತ್ತಿ ತಂದ. ಗಂಗಾಧರಯ್ಯ ಅದನ್ನು ಕುಡಿದ. ಇಡೀ ಹೊತ್ತು ಹುಡುಗಿ ತಾಯಿಯ ಸೀರೆಯ ಹಿಂದಿನಿಂದ ಅವನ ಕೈಗಳನ್ನು ನೋಡುತ್ತಿದ್ದಳು, ಮುಖವನ್ನಲ್ಲ.

ಮಾರನೆಯ ದಿನ ಹಾಜರಿ ಮುಗಿಸಿ ಅವನು ಎದ್ದು ನಿಂತ. ಹೇಳುವುದನ್ನು ಬೆಳಿಗ್ಗೆ ಸ್ನಾನ ಮಾಡುವಾಗಲೇ ಜೋಡಿಸಿಕೊಂಡಿದ್ದ. ಎಲ್ಲ ಮರೆತುಹೋಯಿತು. "ಮೊನ್ನೆ ಹಾಲಮ್ಮ," ಎಂದು ಶುರು ಮಾಡಿದೊಡನೆ ಹಿಂದಿನ ಸಾಲಿನಲ್ಲಿ ಮತ್ತೆ ಆ ನಗು. "ಹಾಲಮ್ಮ ನನ್ನ ಅಪ್ಪಣೆ ಕೇಳಿದ್ದಳು. ಮೂರು ಸಲ. ನಾನು ನೋಡಿಯೂ ಬಿಡಲಿಲ್ಲ. ಆಮೇಲೆ, ಕೇಳಲಿಲ್ಲ ಅಂತ ಅವಳ ಮೇಲೆ ಸುಳ್ಳು ಹೇಳಿದೆ." ಸುಳ್ಳು ಎನ್ನುವ ಮಾತು ಅವನ ಯೋಜನೆಯಲ್ಲಿರಲಿಲ್ಲ, ತಾನಾಗಿ ಬಂತು. ಮಕ್ಕಳು ಬಾಯಿ ತೆರೆದು ನೋಡಿದವು. ಏನೋ ನಡೆಯಬೇಕೆಂದು ಅವನು ಕಾದ. ಏನೂ ನಡೆಯಲಿಲ್ಲ. ಮುಂದಿನ ಸಾಲಿನ ಪುಟ್ಟ ಹುಡುಗನೊಬ್ಬ ಇದೂ ಪಾಠವಿರಬೇಕೆಂದು ಸ್ಲೇಟು ಬಳಪ ಕೈಗೆತ್ತಿಕೊಂಡ. "ಇನ್ನು ಮೇಲೆ ಯಾರಿಗೆ ಹೋಗಬೇಕೋ ಎದ್ದು ಹೋಗಿ. ಕೇಳಬೇಕಾಗಿಲ್ಲ," ಎಂದು ಹೇಳಿ ಅವನು ಕೂತುಬಿಟ್ಟ. ಬೆನ್ನು ಬೆವತಿತ್ತು.

ಆ ದಿನ ಒಬ್ಬರೂ ಏಳಲಿಲ್ಲ. ಇದು ಯಾವ ಹೊಸ ಉಪಾಯವೋ ಎಂದು ಮಕ್ಕಳು ಅನುಮಾನಿಸುತ್ತಿರುವುದು ಕಾಣುತ್ತಿತ್ತು. ಎರಡನೆಯ ದಿನ ದೊಡ್ಡ ಹುಡುಗನೊಬ್ಬ ಎದ್ದ, ಬಾಗಿಲವರೆಗೆ ಹೋಗಿ ಹಿಂತಿರುಗಿ ನೋಡಿದ, ಹೋದ. ಮೂರನೆಯ ದಿನ ಅರ್ಧ ಸ್ಕೂಲೇ ಹೊರಗಿತ್ತು. ಊರ ಪಟೇಲ ಮುದ್ದಪ್ಪ ಕುದುರೆ ನಿಲ್ಲಿಸಿ ಕಿಟಕಿಯಲ್ಲಿ ಬಗ್ಗಿ, "ಏನ್ ಮೇಷ್ಟ್ರೇ, ಹುಡುಗ್ರೆಲ್ಲ ಬೇವಿನ ಮರದ ಕೆಳಗೆ ಗೋಲಿ ಆಡ್ತಾವೆ. ನಿಮ್ ಕೈಲಾಗ್ದಿದ್ರೆ ಹೇಳ್ರಿ, ಬ್ಯಾರೇರ್ನ ಕೇಳಾಣ," ಎಂದು ನಕ್ಕು ಹೋದ. ಅವಮಾನದಿಂದ ಗಂಗಾಧರಯ್ಯನ ಕಿವಿ ಬಿಸಿಯಾಯಿತು. ಗೋಡೆಗೆ ಒರಗಿಸಿಟ್ಟಿದ್ದ ಹುಣಸೆ ಬರಲು ಹಿಡಿದು ಬೇವಿನ ಮರದ ತನಕ ಹೋದ. ಹುಡುಗರು ಗೋಲಿ ಬಿಟ್ಟು ಎದ್ದು ಉಸಿರು ಹಿಡಿದು ನಿಂತರು. ಹೊಡೆದಿದ್ದರೆ ಆ ಕ್ಷಣಕ್ಕೆ ಎಲ್ಲ ಸರಿಹೋಗುತ್ತಿತ್ತು. ಪಟೇಲನ ನಗು, ಮೈಯೊಳಗಿನ ಉರಿ, ಈ ಮೂರು ದಿನದ ಗೊಂದಲ, ಎಲ್ಲ. ಬರಲಿನಿಂದ ನೆಲದ ಮೇಲೆ ಗೋಲಿಯ ಗುಳಿಯನ್ನು ಸವರಿ, "ಗೋಲಿ ಸಂಜೆಗೆ. ನಡೀರಿ ಒಳಗೆ," ಎಂದಷ್ಟೇ ಹೇಳಿದ. ಅವನ ಧ್ವನಿಯಲ್ಲಿ ಗುಡುಗಿರಲಿಲ್ಲ. ಆದರೂ ಅವು ಹೋದವು, ಕೆಲವು ಮಾತಾಡಿಕೊಳ್ಳುತ್ತ. ಹಾಗೆ ಅವನ ಎದುರಿಗೆ ಮಾತಾಡಿಕೊಂಡು ನಡೆದದ್ದು ಅವನ ಸ್ಕೂಲಿನಲ್ಲಿ ಅದೇ ಮೊದಲು. ಆ ಸದ್ದಿಗೆ ಅವನು ಇನ್ನೂ ಹೊಂದಿಕೊಳ್ಳಬೇಕಾಗಿತ್ತು.

ಹಾಲಮ್ಮ ಬರಲಿಲ್ಲ. ಒಂದು ವಾರ ಕಳೆಯಿತು. ಭಾನುವಾರ ಅವನು ಸ್ಕೂಲಿನ ಹಿಂದೆ ಹೆಣ್ಣುಮಕ್ಕಳಿಗೊಂದು ಮರೆ ಕಟ್ಟಲೆಂದು ಗುಳಿ ತೋಡಿ ಗಳು ನೆಡಲು ಹೊರಟಾಗ ಜಾನಕಮ್ಮ ಬಾಗಿಲಲ್ಲಿ ಅಡ್ಡ ನಿಂತು ಕೇಳಿದಳು, "ಏನೂಂದ್ರೆ, ಹಾರೆ ಯಾಕೆ?" ಆಗ ಅವನು ಹೆಂಡತಿಗೂ ಹೇಳಿದ, ಪೂರ್ತಿ, ಮೂರು ಸಲ ಎನ್ನುವುದನ್ನೂ ಬಿಡದೆ. ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಆಮೇಲೆ, "ಬಾಗಿಲು ಬಯಲಿನ ಕಡೆ ಇಡಬೇಡಿ. ಗೋಡೆ ಕಡೆ ಇರಲಿ. ಕಾಲಿಗೆ ಎರಡು ಚಪ್ಪಡಿ ಹಾಕಿಸಿ," ಎಂದಳು. ಅವನಿಗೆ ಅದು ಗೊತ್ತೇ ಇರಲಿಲ್ಲ, ಬಾಗಿಲು ಯಾವ ಕಡೆ ಇರಬೇಕೆನ್ನುವುದು.

ಮೇಷ್ಟರು ಪಂಚೆ ಕಟ್ಟಿಕೊಂಡು ಗುಳಿ ತೋಡುವುದನ್ನು ನೋಡಲು ಜನ ಸೇರಿದರು. ಕೆಲವರು ನಕ್ಕರು. ಗಟ್ಟಿ ನೆಲ, ಅಭ್ಯಾಸವಿಲ್ಲದ ಕೈ, ಮೊದಲ ಗುಳಿಗೇ ಬೊಬ್ಬೆ ಎದ್ದವು. ಮಧ್ಯಾಹ್ನದ ಹೊತ್ತಿಗೆ ಚಿಕ್ಕಬೀರಪ್ಪ ಗಾಡಿಯ ತುಂಬ ತೆಂಗಿನ ಗರಿ ಹೇರಿಕೊಂಡು ಬಂದ. ಯಾರು ಹೇಳಿ ಕಳಿಸಿದರೋ. ಮೇಷ್ಟರ ಕೈಯಿಂದ ಹಾರೆ ತೆಗೆದುಕೊಂಡು ಮೂರು ಗುಳಿ ತೋಡಿ ಮುಗಿಸಿದ. ಗರಿ ಹೆಣೆಯುವಾಗ, ತಲೆ ತಗ್ಗಿಸಿಯೇ, "ಅವತ್ತು ರಾತ್ರಿ ಹೊಡೀಬಾರ್ದಾಗಿತ್ತು ಸ್ವಾಮಿ ನಾನು. ಮಗು, ಕೇಳಿದ್ದೆ ಕಣಪ್ಪ ಅಂತ ಹೇಳ್ತಾನೇ ಇತ್ತು. ನಾನು ನಂಬ್ಲಿಲ್ಲ," ಎಂದ. ಇರಲಿ ಬಿಡು ಎನ್ನುವುದು ತನ್ನ ಬಾಯಲ್ಲಿ ಬರಬಾರದೆಂದು ಗಂಗಾಧರಯ್ಯನಿಗೆ ಗೊತ್ತಿತ್ತು. ಇಬ್ಬರೂ ಎದುರುಬದುರಾಗಿ ಕೂತು ಸಂಜೆಯವರೆಗೆ ಹೆಣೆದರು. ಒಬ್ಬನ ಹೆಣಿಗೆ ಸೊಟ್ಟ, ಇನ್ನೊಬ್ಬನದು ನೇರ.

ಸೋಮವಾರ ಕರಿಯಮ್ಮ ಮಗಳ ಕೈ ಹಿಡಿದುಕೊಂಡು ಬಂದಳು. ಒಳಗೆ ಬರಲಿಲ್ಲ. ಹಿಂದೆ ಹೋಗಿ ತಡಿಕೆಯನ್ನು ಸುತ್ತಿ ನೋಡಿದಳು, ಒಂದು ಕಡೆ ಕೈಯಿಂದ ಅಲ್ಲಾಡಿಸಿ ಗಟ್ಟಿ ಇದೆಯೇ ಎಂದು ಪರೀಕ್ಷಿಸಿದಳು. ಆಮೇಲೆ ಸ್ಕೂಲಿನ ಜಗಲಿಯ ತುದಿಯಲ್ಲಿ, ತಾನೂ ಇಲ್ಲೇ ಇರುತ್ತೇನೆ ಎನ್ನುವಂತೆ ಕೂತಳು. ಹಾಲಮ್ಮ ಚಾಪೆಯ ಮೇಲೆ ತನ್ನ ಜಾಗಕ್ಕೆ ಹೋದಳು. ಹೆಸರು ಕೂಗಿದಾಗ, "ಹಾಜರ್," ಎಂದಳು, ನೆಲ ನೋಡಿಕೊಂಡು. ಅವನಿಗೆ ಅವಳ ಹತ್ತಿರ ಹೋಗಿ ಏನಾದರೂ ಹೇಳಬೇಕೆನ್ನಿಸಿತು. ಹೋದರೆ ಅವಳು ಹೆದರುತ್ತಾಳೆ ಎಂದೂ ಅನ್ನಿಸಿತು. ಹತ್ತಿರ ಹೋಗದಿರುವುದನ್ನೂ ಕಲಿಯಬೇಕು. ಅವನು ಹಲಗೆಯ ಮೇಲೆ ಪದ್ಯದ ಎರಡು ಸಾಲು ಬರೆದು, ಬೆನ್ನು ತಿರುಗಿಸಿಯೇ ಬಹಳ ಹೊತ್ತು ನಿಂತ.

ಮಧ್ಯಾಹ್ನದ ಹೊತ್ತಿಗೆ ಕರಿಯಮ್ಮ ಎದ್ದು ಹೊಲದ ಕಡೆ ಹೋಗಿದ್ದಳು. ಗಂಡುಹುಡುಗರು ಸ್ಲೇಟಿನಲ್ಲಿ ಲೆಕ್ಕ ಮಾಡುತ್ತಿದ್ದರು. ಮೂವರು ಹುಡುಗಿಯರೂ ಚಾಪೆಯಿಂದ ಒಟ್ಟಿಗೆ ಎದ್ದು, ಅವನನ್ನು ನೋಡದೆ, ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಹೊರಗೆ ಹೋದರು. ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಏನಾಯಿತೋ ಎಂದು ಅವನು ಹಿಂದಿನ ಕಿಟಕಿಯ ಬಳಿ ಹೋದ. ತಡಿಕೆಯ ಆಚೆಯಿಂದ ಪಿಸುಮಾತು, ನಗು. ಆಮೇಲೆ ಗಂಟಲನ್ನು ದಪ್ಪ ಮಾಡಿಕೊಂಡು ಒಂದು ಧ್ವನಿ, ಅವನದೇ ಕೆಮ್ಮು ಕೆಮ್ಮಿ, "ಏಯ್! ಏನದು ಗಲಾಟೆ? ಕೈ ಕಟ್ಟಿ!" ಎಂದಿತು. ಅದು ಹಾಲಮ್ಮನ ಧ್ವನಿ ಎಂದು ಗೊತ್ತಾಗಲು ಅವನಿಗೆ ಒಂದು ಗಳಿಗೆ ಹಿಡಿಯಿತು. ಅವಳ ಬಾಯಿಂದ ಅಷ್ಟು ದೊಡ್ಡ ಮಾತನ್ನು ಅವನು ಒಂದು ವರ್ಷದಲ್ಲಿ ಕೇಳಿರಲಿಲ್ಲ.

"ಮೇಷ್ಟ್ರೇ, ಮೇಷ್ಟ್ರೇ, ನಾನು ಹೋಗ್ಬೇಕು," ಎಂದಳು ಶಾನುಭೋಗರ ಮಗಳು ಶಾರದಾಂಬಾ, ನಗು ತಡೆಯಲಾರದೆ.

"ತಡಿಯೇ, ತಡಿ," ಎಂದಿತು ದಪ್ಪ ಧ್ವನಿ. "ನಂಗೂ ಅವಸ್ರ ಐತೆ. ರುಮಾಲು ಹಿಡ್ಕೋ, ಮೊದ್ಲು ನಾನು ಹೋಗ್ ಬತ್ತೀನಿ!"

ಮೂವರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಗರಿಯ ತಡಿಕೆ ಅಲ್ಲಾಡಿತು. ಗಂಗಾಧರಯ್ಯನ ಕೈ ತನಗೆ ಗೊತ್ತಿಲ್ಲದೆ ತಲೆಯ ರುಮಾಲಿನ ಮೇಲೆ ಹೋಗಿತ್ತು. ಒಳಗೆ ಯಾವುದೋ ಹುಡುಗ, "ಮೇಷ್ಟ್ರೇ, ಲೆಕ್ಕ ಆಯ್ತು," ಎಂದು ಕೂಗಿದ. ಅವನು ತಿರುಗಿ ನೋಡಿ, ಬಾಯಿಯ ಮೇಲೆ ಬೆರಳಿಟ್ಟು ಸುಮ್ಮನಿರು ಎಂದು ಸನ್ನೆ ಮಾಡಿದ. ತನ್ನ ಸುಳಿವು ಸಿಕ್ಕಿದರೆ ಹೊರಗಿನ ಆಟ ನಿಂತುಹೋದೀತೆಂದು ಉಸಿರು ಬಿಗಿಹಿಡಿದು, ಕಿಟಕಿಯ ಮರೆಗೆ ಸರಿದು ನಿಂತ.